ರಕ್ತದ ಚೀಟಿಯಲ್ಲಿ ನಕ್ಷತ್ರ ಬಿದ್ದಾಗ

ಕಳೆದ ವರ್ಷ ರೋಬಸ್ಟಾ ಕೊಯ್ಲು ಮುಗಿದು, ಒಣಗಿದ ಚೆರಿಯನ್ನು ಚೀಲಕ್ಕೆ ತುಂಬಿದ ಮೇಲೆ, ನಮ್ಮ ಮನೆಯವರ ಬಹುಕಾಲದ ಹರಕೆಯೊಂದನ್ನು ತೀರಿಸಲು ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಅವರ ತವರು ಗೌರಿಬಿದನೂರು ತಾಲ್ಲೂಕು. ಮಲೆನಾಡಿನ ಹಸಿರು ನೋಡಿದ ಕಣ್ಣಿಗೆ ಆ ಬಯಲು ಮೊದಲು ಬೋಳೆನಿಸುತ್ತದೆ; ಎರಡು ದಿನ ಇದ್ದರೆ ಅದರ ಸೊಗಸೂ ತಿಳಿಯುತ್ತದೆ. ಉತ್ತರ ಪಿನಾಕಿನಿಯ ದಂಡೆಯ ಆ ಕ್ಷೇತ್ರದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ಎಣಿಸಿ ಮುಗಿಸುವಂತಿಲ್ಲ. ಹಳೆಯ ಅಶ್ವತ್ಥ ವೃಕ್ಷ 2001ರಲ್ಲಿ ನೆಲಕ್ಕುರುಳಿತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಅಲ್ಲಿಯೇ. ಹುತಾತ್ಮರ ಸ್ಮಾರಕಕ್ಕೂ ಕೈಮುಗಿದು ಮಾವನ ಮನೆಗೆ ಬಂದೆವು.

ಊಟವಾದ ಮೇಲೆ ನನ್ನ ಭಾವಮೈದ ಒಳಗಿನಿಂದ ಒಂದು ಕಾಗದ ತಂದು ಕೈಗಿತ್ತರು. "ಭಾವ, ನೀವು ವಿಜ್ಞಾನದ ಮೇಷ್ಟ್ರು. ಇದೇನು ಅಂತ ಸ್ವಲ್ಪ ನೋಡಿ ಹೇಳಿ. ಶಾಲೆ ಹತ್ತಿರ ಆರೋಗ್ಯ ಶಿಬಿರ ಆಗಿತ್ತು, ರಕ್ತ ತಗೊಂಡಿದ್ರು" ಎಂದರು. ನೋಡಿದೆ. ಸಕ್ಕರೆ ಸರಿಯಿತ್ತು. ಕೆಳಗೆ ಎಸ್.ಜಿ.ಪಿ.ಟಿ. ಎಂಬಲ್ಲಿ 168 ಎಂದು ಅಚ್ಚಾಗಿ ಪಕ್ಕದಲ್ಲಿ ಒಂದು ನಕ್ಷತ್ರ ಬಿದ್ದಿತ್ತು. ಎಸ್.ಜಿ.ಒ.ಟಿ. 96, ಅದಕ್ಕೂ ನಕ್ಷತ್ರ.

ಆ ನಕ್ಷತ್ರಗಳ ವಿಷಯವಾಗಿ ಮನೆಯಲ್ಲಿ ಆಗಲೇ ಮೂರು ಪಕ್ಷಗಳಾಗಿದ್ದವು. ಅತ್ತೆಯವರದು, ಪಕ್ಕದ ಊರಿನಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರಲ್ಲಿಗೆ ಹೋಗಬೇಕು, ಉಪ್ಪು ಬಿಡಬೇಕು ಎಂಬ ಪಕ್ಷ. ನೆರೆಮನೆಯವರದು, ಅಂಗಡಿಯಲ್ಲಿ ಸಿಗುವ ಲಿವರ್ ಟಾನಿಕ್ಕಿನ ಪಕ್ಷ. ಭಾವಮೈದನದು, "ನನಗೇನಾಗಿದೆ? ಹಸಿವು ಚೆನ್ನಾಗಿದೆ, ಮುದ್ದೆ ಇಳಿಯುತ್ತೆ" ಎಂಬ ಪಕ್ಷ. ಮೂವರೂ ನನ್ನ ಮುಖ ನೋಡಿದರು. ನಾನು ಒಂದು ಗಳಿಗೆ ಸುಮ್ಮನೆ ಕುಳಿತೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಈಗೀಗ ನಮ್ಮ ಸಂಘದ ಸದಸ್ಯರಲ್ಲಿಯೂ ಅನೇಕರ ಜೇಬಿನಲ್ಲಿ ಇಂಥ ಚೀಟಿ ಇರುವುದನ್ನು ಕಂಡಿದ್ದೇನೆ. ಆದುದರಿಂದ ಅಂದು ಆ ಜಗಲಿಯಲ್ಲಿ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಈಗ ಕೊಪ್ಪದ ಕಡೆ ಎರಡೂವರೆ ಎಕರೆ ತೋಟ ನೋಡಿಕೊಂಡಿರುವವನು. ಔಷಧಿ ಹೇಳುವುದು ನನ್ನ ಕೆಲಸವಲ್ಲ. ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ತೊಟ್ಟಿಯಲ್ಲಿ ನಡೆಯುವ ಕೆಲಸ

ಎಸ್.ಜಿ.ಪಿ.ಟಿ., ಎಸ್.ಜಿ.ಒ.ಟಿ. ಎಂಬಿವು ಎರಡು ಕಿಣ್ವಗಳ ಹೆಸರು. ಕೆಲವು ಪ್ರಯೋಗಾಲಯಗಳವರು ಇವನ್ನೇ ಎ.ಎಲ್.ಟಿ., ಎ.ಎಸ್.ಟಿ. ಎಂದು ಬರೆಯುತ್ತಾರೆ, ಬೇರೆಯಲ್ಲ. ಕಿಣ್ವವೆಂದರೆ ಇಂಗ್ಲಿಷಿನವರು ಎಂಜೈಮ್ ಎನ್ನುವ ವಸ್ತು. ನಮ್ಮ ಶಬ್ದ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡ ಹುಳಿಬರಿಸಲು ಹಾಕುವ ಹೆಪ್ಪಿಗೆ ಕಿಣ್ವವೆಂಬ ಹೆಸರಿದೆ. ಯೂರೋಪಿನವರ ಎಂಜೈಮ್ ಎಂಬ ಮಾತಿಗೂ ಗ್ರೀಕಿನಲ್ಲಿ ಹೆಪ್ಪಿನೊಳಗಿರುವುದು ಎಂದೇ ಅರ್ಥ. ದೂರದ ಎರಡು ನಾಡಿನವರು ಒಂದೇ ಗಡಿಗೆಯನ್ನು ನೋಡಿ ಹೆಸರಿಟ್ಟಂತಾಯಿತು.

ಕಾಫಿ ಬೆಳೆಗಾರರಿಗೆ ಕಿಣ್ವವನ್ನು ತೋರಿಸಲು ಪ್ರಯೋಗಾಲಯ ಬೇಡ. ಪಲ್ಪರಿನಿಂದ ಬಂದ ಅರೇಬಿಕಾ ಬೀಜದ ಮೇಲೆ ಲೋಳೆ ಇರುತ್ತದಷ್ಟೆ. ಎಷ್ಟು ನೀರು ಹೊಯ್ದು ತಿಕ್ಕಿದರೂ ಅದು ಸಲೀಸಾಗಿ ಬಿಡದು. ಅದನ್ನೇ ತೊಟ್ಟಿಯಲ್ಲಿ ಒಂದರಿಂದ ಒಂದೂವರೆ ದಿನ ಬಿಟ್ಟರೆ ಲೋಳೆ ತಾನೇ ಕರಗುತ್ತದೆ. ಮುಷ್ಟಿಯಲ್ಲಿ ಹಿಡಿದು ಉಜ್ಜಿದರೆ ಬೀಜ ಬೆಣಚುಕಲ್ಲಿನಂತೆ ಕರಕರ ಎನ್ನುತ್ತದೆ. ಈ ನಡುವೆ ಕೆಲಸ ಮಾಡಿದವರು ಯಾರು? ಹಣ್ಣಿನಲ್ಲೇ ಇದ್ದ ಕಿಣ್ವಗಳು, ಜೊತೆಗೆ ತೊಟ್ಟಿಯಲ್ಲಿ ಹುಟ್ಟಿಕೊಂಡ ಸೂಕ್ಷ್ಮಜೀವಿಗಳ ಕಿಣ್ವಗಳು. ಲೋಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಉದ್ದನೆಯ ಸರಪಳಿಯನ್ನು ಅವು ತುಂಡುತುಂಡು ಮಾಡುತ್ತವೆ. ಚಳಿ ಜಾಸ್ತಿಯಾದ ವರ್ಷ ತೊಟ್ಟಿ ತಡವಾಗುವುದು, ಶಾಖ ಹೆಚ್ಚಾದರೆ ಬೇಗ ಆಗುವುದು, ಮರೆತುಬಿಟ್ಟರೆ ಹುಳಿ ಮೀರಿ ಬೀಜಕ್ಕೆ ದುರ್ವಾಸನೆ ಹಿಡಿಯುವುದು, ಇವೆಲ್ಲ ಕಿಣ್ವದ ಗುಣಗಳೇ. ಕುದಿಯುವ ನೀರು ಸುರಿದರೆ ಕಿಣ್ವ ಸತ್ತೇಹೋಗುತ್ತದೆ. ಸತ್ತಿತು ಎಂದೆ, ಅದಕ್ಕೆ ಜೀವವೇನೂ ಇಲ್ಲ. ಅದೊಂದು ಪ್ರೋಟೀನು. ಬೇಯಿಸಿದ ಮೊಟ್ಟೆಯ ಬಿಳಿ ಮತ್ತೆ ನೀರಾಗದಂತೆ ಅದರ ಆಕಾರ ಒಮ್ಮೆ ಕೆಟ್ಟರೆ ಕೆಟ್ಟಿತು.

ಜೀವವಿಲ್ಲದ ವಸ್ತುವೇ ಈ ಕೆಲಸ ಮಾಡುತ್ತದೆ ಎಂಬುದು ತೀರ್ಮಾನವಾದದ್ದು 1897ರಲ್ಲಿ. ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿ, ಜೀವಕೋಶವಿಲ್ಲದ ಬರಿಯ ರಸಕ್ಕೆ ಸಕ್ಕರೆ ಹಾಕಿದ, ರಸ ಹುಳಿಬಂದಿತು. ಅದಕ್ಕಾಗಿ 1907ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು.

ಕಿಣ್ವದ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬಹುದು. ಒಂದು, ಅದು ತಾನು ಸವೆಯದೆ ಕೆಲಸ ಮಾಡಿಸುತ್ತದೆ. ಒಂದೇ ಅಣು ಮತ್ತೆ ಮತ್ತೆ ಅದೇ ಕೆಲಸಕ್ಕೆ ನಿಲ್ಲುತ್ತದೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸನೆ ನೊರೆ ಬರುವುದನ್ನು ನೋಡಿದ್ದೀರಿ. ಅದು ನಮ್ಮ ರಕ್ತದ ಕೆಟಲೇಸ್ ಎಂಬ ಕಿಣ್ವದ ಕೆಲಸ. ಅದರ ಒಂದು ಅಣು ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಎರಡು, ಒಂದು ಕಿಣ್ವಕ್ಕೆ ಒಂದೇ ಬಗೆಯ ಕೆಲಸ. ಮರ ಹತ್ತುವವನು ಮರ ಹತ್ತುತ್ತಾನೆ, ಸುಲಿಯುವವನು ಸುಲಿಯುತ್ತಾನೆ, ಅದಲುಬದಲು ಇಲ್ಲ.

ಗೂಡಿನಲ್ಲಿ ತೂತು

ಭಾವಮೈದನಿಗೆ ಕಾಫಿ ತೊಟ್ಟಿ ಗೊತ್ತಿಲ್ಲ. ಅವರದು ಹಿಪ್ಪುನೇರಳೆ, ಒಂದಿಷ್ಟು ಮುಸುಕಿನ ಜೋಳ, ಮನೆಯ ಹಿಂದೆ ಹುಳು ಸಾಕುವ ಮನೆ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾರೆ. ಅಂದು ಹುಳು ನಾಲ್ಕನೇ ಜ್ವರ ಎದ್ದು ಹಗಲಿರುಳು ಸೊಪ್ಪು ಮೇಯುತ್ತಿತ್ತು. (ಹುಳು ಪೊರೆ ಕಳಚುವುದಕ್ಕೆ ರೇಷ್ಮೆ ರೈತರು ಜ್ವರವೆನ್ನುತ್ತಾರೆ. ಮಲೆನಾಡಿನವರು ಇದನ್ನು ಮೊದಲ ಸಲ ಕೇಳಿದರೆ ಔಷಧಿ ಹುಡುಕಲು ಹೊರಟಾರು.) ಅವರಿಗೆ ತಿಳಿದ ಕಿಣ್ವವೊಂದಿದೆ. ಹೆಸರು ಗೊತ್ತಿಲ್ಲದಿದ್ದರೂ ಅದರ ಭಯವಿದೆ.

ಹುಳು ಚಂದ್ರಿಕೆಯಲ್ಲಿ ನೂಲು ಸುತ್ತಿ ಗೂಡು ಕಟ್ಟಿದ ಮೇಲೆ ಒಳಗೆ ಕೋಶವಾಗಿ, ಕೆಲವು ದಿನಗಳಲ್ಲಿ ಚಿಟ್ಟೆಯಾಗುತ್ತದೆ. ಚಿಟ್ಟೆಗೆ ಹಲ್ಲಿಲ್ಲ. ಬಾಯಿಂದ ಒಂದು ತೊಟ್ಟು ರಸ ಬಿಡುತ್ತದೆ. ಅದರಲ್ಲಿರುವ ಕೊಕೂನೇಸ್ ಎಂಬ ಕಿಣ್ವ ನೂಲಿನ ಎಳೆಗಳನ್ನು ಹಿಡಿದಿರುವ ಅಂಟನ್ನು ಕರಗಿಸುತ್ತದೆ. ಚಿಟ್ಟೆ ತಲೆಯಿಂದ ಎಳೆಗಳನ್ನು ಸರಿಸಿ ಹೊರಬರುತ್ತದೆ. ಹಾಗೆ ತೂತು ಬಿದ್ದ ಗೂಡಿನಿಂದ ನೂಲನ್ನು ಒಂದೇ ಎಳೆಯಾಗಿ ಬಿಚ್ಚಲು ಬರುವುದಿಲ್ಲ. ಆದ್ದರಿಂದಲೇ ರೈತರಿಗೆ ಮಾರುಕಟ್ಟೆಗೆ ಓಡುವ ಆತುರ, ರೀಲರುಗಳಿಗೆ ಗೂಡನ್ನು ಬಿಸಿಗೆ ಹಿಡಿಯುವ ಆತುರ.

ನಾನು ಅವರನ್ನು ಕೇಳಿದೆ: "ಗೂಡಿನಲ್ಲಿ ತೂತು ಕಂಡರೆ ಏನು ತಿಳಿಯುತ್ತೆ?"

"ಏನೋ ಹೊರಗೆ ಬಂದಿದೆ ಅಂತ ತಿಳಿಯುತ್ತೆ."

"ಚಿಟ್ಟೆಯೇ ಅಂತ ಹೇಳಬಹುದೋ?"

"ಅದ್ಹೆಂಗೆ ಹೇಳೋದು ಭಾವ? ಊಜಿ ಇರಬಹುದು."

ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಹೊಕ್ಕ ಪಿಡುಗು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ತಿಂದು ಬೆಳೆದು ಗೂಡು ಕೊರೆದು ಹೊರಬೀಳುತ್ತದೆ. ತೂತಿನ ಅಂಚು, ಅಳತೆ, ಒಳಗಿನ ಕೋಶದ ಗತಿ ನೋಡಿ ಅನುಭವಸ್ಥರು ಯಾರ ಕೆಲಸವೆಂದು ಹೇಳುತ್ತಾರೆ. ತೂತು ಮಾತ್ರ ನೋಡಿದವನು ಹೇಳಲಾರ.

ಯಕೃತ್ತಿನ ಚೀಟಿಯೂ ಇಷ್ಟೇ. ಬಲಗಡೆಯ ಪಕ್ಕೆಲುಬಿನ ಕೆಳಗೆ ಒಂದೂವರೆ ಕಿಲೋ ತೂಗುವ ಈ ಅಂಗದಲ್ಲಿ ಕೋಟಿಗಟ್ಟಲೆ ಜೀವಕೋಶಗಳಿವೆ. ಪ್ರತಿಯೊಂದು ಕೋಶವೂ ಒಂದು ಗೂಡು. ಒಳಗೆ ನೂರಾರು ಬಗೆಯ ಕಿಣ್ವಗಳು ದುಡಿಯುತ್ತಿರುತ್ತವೆ. ಎಸ್.ಜಿ.ಪಿ.ಟಿ.ಯ ಕೆಲಸ ಒಂದು ಅಮೈನೊ ಆಮ್ಲದ ತಲೆಯ ಮೇಲಿನ ಸಾರಜನಕದ ಹೊರೆಯನ್ನು ಇಳಿಸಿ ಇನ್ನೊಂದರ ತಲೆಗೆ ಹೊರಿಸುವುದು. ಉಂಡ ಬೇಳೆ, ಹಾಲುಗಳಲ್ಲಿರುವುದನ್ನು ಶಕ್ತಿಯಾಗಿ ಮಾಡಿಕೊಳ್ಳಲು ಈ ಹೊರೆ ಬದಲಾವಣೆ ಬೇಕು. ಈ ಕಿಣ್ವಕ್ಕೆ ರಕ್ತದಲ್ಲಿ ಯಾವ ಕೆಲಸವೂ ಇಲ್ಲ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುತ್ತಿರುವುದರಿಂದ ಸ್ವಲ್ಪ ಸದಾ ಹೊರಗೆ ಸೋರುತ್ತಿರುತ್ತದೆ. ಅದೇ ಚೀಟಿಯಲ್ಲಿ ಬರೆಯುವ ಸಹಜ ಮಟ್ಟ. ಬಹಳ ಕಡೆ 40 ಯೂನಿಟ್ಟಿನ ಸುಮಾರಿಗೆ ಗೆರೆ ಎಳೆಯುತ್ತಾರೆ. ಇನ್ನೂ ಕೆಳಗೆ, ಗಂಡಸರಿಗೆ 33, ಹೆಂಗಸರಿಗೆ 25ಕ್ಕೇ ಎಳೆಯಬೇಕೆಂಬ ವೈದ್ಯರೂ ಇದ್ದಾರೆ. ಗೆರೆ ದಾಟಿದೆ ಎಂದರೆ ಎಲ್ಲೋ ಗೂಡುಗಳು ಮಾಮೂಲಿಗಿಂತ ಹೆಚ್ಚಾಗಿ ಸೋರುತ್ತಿವೆ ಎಂದು ಅರ್ಥ. ಏರಿದ ಕಿಣ್ವವೇ ರೋಗವಲ್ಲ. ಅದು ದೇಹವನ್ನು ಕೆಡಿಸುವ ವಿಷವೂ ಅಲ್ಲ. ಅದನ್ನು ಇಳಿಸಲು ಔಷಧಿ ಹುಡುಕುವುದೆಂದರೆ ಗೂಡಿನ ತೂತಿಗೆ ಕಾಗದ ಅಂಟಿಸಿದ ಹಾಗೆ.

ಯೂನಿಟ್ಟೆಂದರೆ ತೂಕವಲ್ಲ. ರಕ್ತದಲ್ಲಿ ಕಿಣ್ವ ಎಷ್ಟು ಅತ್ಯಲ್ಪವೆಂದರೆ ದಿನನಿತ್ಯದ ಪರೀಕ್ಷೆಯಲ್ಲಿ ತೂಗಿ ನೋಡುವಂತಿಲ್ಲ. ಬದಲಿಗೆ ಅದಕ್ಕೆ ಕೆಲಸ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಮುಗಿಸಿತು ಎಂದು ಬೆಳಕಿನ ಯಂತ್ರದಿಂದ ಅಳೆಯುತ್ತಾರೆ. ಕಣದಲ್ಲಿ ಎಷ್ಟು ಜನ ಅಡಿಕೆ ಸುಲಿದರು ಎಂಬುದನ್ನು ಬೆಳಿಗ್ಗೆ ಬಿದ್ದಿರುವ ರಾಶಿ ನೋಡಿ ಹೇಳುವ ರೀತಿ ಇದು. ಅಮೆರಿಕದ ನ್ಯೂಯಾರ್ಕಿನಲ್ಲಿ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಮೂವರು 1954ರಲ್ಲಿ ಎಸ್.ಜಿ.ಒ.ಟಿ.ಯನ್ನು ಮೊದಲು ರೋಗ ಪತ್ತೆಗೆ ಬಳಸಿದ್ದು ಯಕೃತ್ತಿಗಲ್ಲ, ಹೃದಯಾಘಾತಕ್ಕೆ. ಹೃದಯದ ಸ್ನಾಯುವಿನಲ್ಲೂ ಅದು ಧಾರಾಳವಾಗಿದೆ. ಯಕೃತ್ತಿನ ಬೇನೆಯಲ್ಲೂ ಏರುತ್ತದೆಂಬುದು ಬೆನ್ನಿಗೇ ಗೊತ್ತಾಯಿತು.

ಎಷ್ಟು, ಯಾವುದು, ಎಷ್ಟು ದಿನದಿಂದ

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಎಸ್.ಜಿ.ಪಿ.ಟಿ. ಬಹುಮಟ್ಟಿಗೆ ಯಕೃತ್ತಿನದೇ. ಎಸ್.ಜಿ.ಒ.ಟಿ. ಹಾಗಲ್ಲ, ಹೃದಯ, ಕೈಕಾಲಿನ ಸ್ನಾಯು, ಕೆಂಪು ರಕ್ತಕಣಗಳಲ್ಲಿಯೂ ಇದೆ. ಬಹಳ ದಿನ ಸುಮ್ಮನಿದ್ದು ಒಮ್ಮೆಲೇ ಒಂದು ದಿನ ಗುಂಡಿ ತೋಡಿದವನ, ಮರ ಹತ್ತಿಳಿದವನ ರಕ್ತದಲ್ಲಿ ಮಾರನೆಯ ದಿನ ಇವೆರಡೂ ಏರಿರಬಹುದು. ಸೋರಿದ್ದು ಯಕೃತ್ತಲ್ಲ, ತೋಳು. ರಕ್ತ ಕೊಡುವ ಮುನ್ನಿನ ಕೆಲವು ದಿನ ಮೈಮುರಿಯುವ ಕೆಲಸ ಮಾಡಿದ್ದರೆ ವೈದ್ಯರಿಗೆ ಅದನ್ನು ಹೇಳಬೇಕು. ನಮ್ಮವರು ಇದನ್ನು ಹೇಳುವುದೇ ಇಲ್ಲ, ಕೇಳುವವರೂ ಕಡಿಮೆ.

ಎರಡರಲ್ಲಿ ಯಾವುದು ಹೆಚ್ಚು ಎಂಬುದೂ ಒಂದು ಸುಳಿವು. ಕೊಬ್ಬು ತುಂಬಿದ ಯಕೃತ್ತಿನಲ್ಲಿ ಸಾಮಾನ್ಯವಾಗಿ ಎಸ್.ಜಿ.ಪಿ.ಟಿ. ಮುಂದೆ. ಕುಡಿತದ ಯಕೃತ್ತಿನಲ್ಲಿ ಎಸ್.ಜಿ.ಒ.ಟಿ. ಮುಂದೆ, ಅನೇಕ ವೇಳೆ ಎರಡು ಪಾಲು. ಆದರೂ ಅಂಕಿ ಮುನ್ನೂರು ದಾಟುವುದು ಅಪರೂಪ. ಅಂಕಿ ಸಾವಿರಗಳಿಗೆ ಏರಿದರೆ ವೈದ್ಯರು ಹೊಸದಾಗಿ ತಗಲಿದ ವೈರಸ್ ಕಾಮಾಲೆ, ಔಷಧಿಯ ವಿಷ, ಯಕೃತ್ತಿಗೆ ರಕ್ತ ನಿಂತುಹೋದದ್ದು, ಇವನ್ನು ಮೊದಲು ಯೋಚಿಸುತ್ತಾರೆ. ಆಲ್ಕಲೈನ್ ಫಾಸ್ಫಟೇಸ್, ಜಿ.ಜಿ.ಟಿ. ಎಂಬ ಇನ್ನೆರಡು ಕಿಣ್ವಗಳು ಹೆಚ್ಚು ಏರಿದ್ದರೆ ಪಿತ್ತದ ದಾರಿಯಲ್ಲಿ ಅಡ್ಡಿ ಇದೆಯೇ ಎಂದು ನೋಡುತ್ತಾರೆ. ಇದರಲ್ಲಿ ಫಾಸ್ಫಟೇಸ್ ಮೂಳೆಯಲ್ಲಿಯೂ ಇರುವುದರಿಂದ ಬೆಳೆಯುವ ಮಕ್ಕಳಲ್ಲಿ ಅದು ಏರಿದ್ದರೆ ಗಾಬರಿಯಾಗಬೇಕಿಲ್ಲ.

ಕಿಣ್ವ ರಕ್ತದಲ್ಲಿ ಬಹುಕಾಲ ನಿಲ್ಲುವುದೂ ಇಲ್ಲ. ಎಸ್.ಜಿ.ಪಿ.ಟಿ. ಎರಡು ದಿನಕ್ಕೆ, ಎಸ್.ಜಿ.ಒ.ಟಿ. ಒಂದು ದಿನದೊಳಗೇ ಅರ್ಧವಾಗುತ್ತದೆ. ಎಂದರೆ ವಾರಗಟ್ಟಲೆ ಏರಿಯೇ ಇದ್ದರೆ ಸೋರಿಕೆ ಇನ್ನೂ ನಡೆಯುತ್ತಿದೆ ಎಂದಾಯಿತು. ಅದಕ್ಕೇ ಒಂದು ಚೀಟಿಗಿಂತ ಕೆಲವು ವಾರದ ಅಂತರದ ಎರಡು ಚೀಟಿಗಳು ಹೆಚ್ಚು ಮಾತಾಡುತ್ತವೆ.

ಇನ್ನು ನಾನು ಜಗಲಿಯಲ್ಲಿ ಸುಮ್ಮನೆ ಕುಳಿತ ಕಾರಣ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣ ಇಂಥದೇ ಒಂದು ಚೀಟಿ ತಂದು ತೋರಿಸಿದ್ದರು. ಆಗಲೂ ನಾನೇ ಮೇಷ್ಟ್ರು. ಎಸ್.ಜಿ.ಪಿ.ಟಿ. 38 ಇತ್ತು. "ಲಿವರ್ ಸರಿಯಿದೆ ಅಣ್ಣ, ಯೋಚನೆ ಬೇಡ" ಎಂದೆ. ಅದೇ ಕಾಗದದಲ್ಲಿ ಮೇಲೆ ಪ್ಲೇಟ್‌ಲೆಟ್ 82,000 ಎಂದೂ, ಕೆಳಗೆ ಆಲ್ಬುಮಿನ್ 2.9 ಎಂದೂ ಇದ್ದವು. ಎರಡಕ್ಕೂ ನಕ್ಷತ್ರವಿತ್ತು. ನಾನು ಲಿವರಿನ ಅಂಕಿ ಯಾವುದೆಂದು ತಿಳಿದಿದ್ದೆನೋ ಅದನ್ನೊಂದೇ ನೋಡಿದೆ. ಅಣ್ಣ ಚೀಟಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಹದಿನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ರಕ್ತ ಕಾರಿದರು. ಹೆಪಟೈಟಿಸ್ ಬಿ ವೈರಸ್ ಎಷ್ಟೋ ವರ್ಷಗಳಿಂದ ಮೈಯಲ್ಲಿದ್ದು, ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗಿತ್ತು. ಅವರು ಕುಡಿದವರಲ್ಲ. ಆ ವರ್ಷದ ಅಡಿಕೆ ಕೊಯ್ಲಿಗೆ ಅವರಿರಲಿಲ್ಲ.

ಆಮೇಲೆ ವೈದ್ಯರು ನನಗೆ ವಿವರಿಸಿದರು. ಗೂಡುಗಳೇ ಬಹುಪಾಲು ಹೋಗಿ ಬರಿಯ ನಾರು ಉಳಿದಾಗ ಸೋರಲು ಕಿಣ್ವ ಎಲ್ಲಿರುತ್ತದೆ? ಅಂಥ ಯಕೃತ್ತಿನ ಚೀಟಿ ಸಹಜವಾಗಿಯೇ ಕಾಣಬಹುದು. ಕಿಣ್ವದ ಅಂಕಿ ಈಗ ಎಷ್ಟು ಹಾಳಾಗುತ್ತಿದೆ ಎಂಬುದನ್ನು ಹೇಳುತ್ತದೆಯೇ ವಿನಾ ಎಷ್ಟು ಉಳಿದಿದೆ ಎಂಬುದನ್ನಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಯಕೃತ್ತು ತಯಾರಿಸುವ ಮಾಲನ್ನು ನೋಡಬೇಕು: ಆಲ್ಬುಮಿನ್ ಎಷ್ಟಿದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು, ಬಿಲಿರುಬಿನ್ ಹೊರಹೋಗುತ್ತಿದೆಯೇ, ಪ್ಲೇಟ್‌ಲೆಟ್ ಇಳಿದಿವೆಯೇ. ಅಂದಿನಿಂದ ಯಾರ ಚೀಟಿ ಕೈಗೆ ಬಂದರೂ ನಾನು ಮೇಲಿನಿಂದ ಕೆಳಗೆ ಪೂರ್ತಿ ಓದುತ್ತೇನೆ. ಓದಿ, ವೈದ್ಯರಿಗೆ ತೋರಿಸಿ ಎನ್ನುತ್ತೇನೆ.

ಭಾವಮೈದನ ಚೀಟಿಯಲ್ಲಿ ಉಳಿದ ಅಂಕಿಗಳೆಲ್ಲ ಚೆನ್ನಾಗಿದ್ದವು. ಅದನ್ನು ನೋಡಿದ ಮೇಲೆಯೇ ನಾನು ಬಾಯಿಬಿಟ್ಟದ್ದು.

ನಮ್ಮ ಕಡೆಯ ಕಾರಣಗಳು

ಗೂಡಿಗೆ ತೂತು ಬೀಳಿಸುವವರು ಯಾರು ಯಾರು? ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕುಡಿತ. ಅದರ ವಿಷಯ ಉಪದೇಶ ಸಾಕಷ್ಟಾಗಿದೆ. ಕಿಣ್ವಕ್ಕೆ ಸಂಬಂಧಿಸಿದ ಒಂದು ಮಾತು ಮಾತ್ರ ಹೇಳುತ್ತೇನೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಹಾಗೂ ತಮಿಳುನಾಡಿನ ಕೃಷ್ಣಗಿರಿಯ ಕಡೆ ಮತ್ತೆ ಅದೇ ಆಯಿತು. ಅದರಲ್ಲಿದ್ದ ಮೆಥನಾಲ್ ಹೊಟ್ಟೆಗೆ ಹೋದಾಗ ಅಂಥ ಘೋರ ವಿಷವಲ್ಲ. ಯಕೃತ್ತಿನಲ್ಲಿ ಮದ್ಯವನ್ನು ಒಡೆಯುವ ಕಿಣ್ವವೇ ಇದನ್ನೂ ಮದ್ಯವೆಂದು ತಿಳಿದು ಒಡೆಯುತ್ತದೆ. ಹುಟ್ಟುವ ಫಾರ್ಮಿಕ್ ಆಮ್ಲ ಕಣ್ಣನ್ನೂ ಪ್ರಾಣವನ್ನೂ ತೆಗೆಯುತ್ತದೆ. ಆಸ್ಪತ್ರೆಯಲ್ಲಿ ಆ ಕಿಣ್ವವನ್ನು ಬೇರೆ ಕೆಲಸದಲ್ಲಿ ತೊಡಗಿಸಲು ಶುದ್ಧ ಎಥನಾಲನ್ನೇ ಔಷಧಿಯಾಗಿ ಕೊಡುವುದುಂಟು. ಕಿಣ್ವಕ್ಕೆ ಕೆಲಸ ಗೊತ್ತು, ವಿವೇಚನೆ ಗೊತ್ತಿಲ್ಲ.

ಪ್ಯಾರಾಸಿಟಮಾಲಿನ ಕಥೆಯೂ ಹೀಗೆಯೇ. ಅದರ ಸಣ್ಣ ಪಾಲನ್ನು ಯಕೃತ್ತಿನ ಕಿಣ್ವಗಳು ವಿಷವಾಗಿ ಮಾರ್ಪಡಿಸುತ್ತವೆ, ಇನ್ನೊಂದು ವಸ್ತು ಆ ವಿಷವನ್ನು ಅಲ್ಲಿಂದಲ್ಲಿಗೇ ಕಟ್ಟಿಹಾಕುತ್ತದೆ. ಮಾತ್ರೆ ಮಿತಿಮೀರಿದರೆ ಕಟ್ಟಿಹಾಕುವ ವಸ್ತು ಮುಗಿದುಹೋಗುತ್ತದೆ. ದೊಡ್ಡವರಿಗೆ 500 ಮಿಲಿಗ್ರಾಮಿನ ಮಾತ್ರೆ ದಿನಕ್ಕೆ ಎಂಟು ಎಂಬುದು ಕಟ್ಟಕಡೆಯ ಮಿತಿ. ಕುಡಿಯುವವರಿಗೆ, ಸೊರಗಿದವರಿಗೆ ಇನ್ನೂ ಕಡಿಮೆ. ಕ್ಷಯದ ಔಷಧಿ ತೆಗೆದುಕೊಳ್ಳುವವರಿಗೆ ಕಿಣ್ವದ ಪರೀಕ್ಷೆ ಆಗಾಗ ಮಾಡಿಸುವುದೂ ಈ ಬಗೆಯ ಕಾರಣಕ್ಕೇ.

ತೋಟದ ಜ್ವರಗಳಲ್ಲಿ ಇಲಿಜ್ವರ, ಡೆಂಗಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನಕಾಯಿಲೆ, ಎಲ್ಲದರಲ್ಲೂ ಈ ಕಿಣ್ವಗಳು ಏರುತ್ತವೆ. ಇಲಿಜ್ವರದಲ್ಲಿ ಕಣ್ಣು ಅರಿಸಿನವಾಗಿದ್ದರೂ ಕಿಣ್ವ ಸಾಧಾರಣವಾಗಿ ಏರಿರಬಹುದು; ಅಂಕಿ ಕಡಿಮೆ ಎಂದು ಮೈಮರೆಯಬಾರದು. ಬರಿಗಾಲಿನಲ್ಲಿ ಅಡಿಕೆ ತೋಟದ ಕೆಸರು ತುಳಿದು ಜ್ವರ ಬಂದವರು ವೈದ್ಯರಿಗೆ ಆ ಮಾತನ್ನು ಮೊದಲು ಹೇಳಬೇಕು.

ಬೋರ್ಡೋ ದ್ರಾವಣದ ವಿಷಯ ಅನೇಕರು ಕೇಳುತ್ತಾರೆ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಾನುಗಟ್ಟಲೆ ಅದನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿಯೂ ಯಕೃತ್ತಿನಲ್ಲಿಯೂ ತಾಮ್ರ ತುಂಬಿದ ಗಂಟುಗಳನ್ನು ಅಲ್ಲಿಯ ವೈದ್ಯರು 1960, 70ರ ದಶಕಗಳಲ್ಲಿ ಕಂಡರು. ಕೊಳೆರೋಗಕ್ಕೆ ಸಿಂಪಡಿಸದೆ ನಮಗೆ ಗತಿಯಿಲ್ಲ. ಆದರೆ ಮೂಗುಬಾಯಿಗೆ ಬಟ್ಟೆ ಕಟ್ಟದೆ, ಗಾಳಿಗೆ ಎದುರು ನಿಂತು ಹೊಡೆಯುವ ಶೌರ್ಯ ಬೇಡ. ಆರ್ಗ್ಯಾನೋಫಾಸ್ಫರಸ್ ಜಾತಿಯ ಕೀಟನಾಶಕಗಳ ದಾರಿ ಬೇರೆ. ಅವು ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹೊಡೆದು ಬಂದವನಿಗೆ ಬಾಯಲ್ಲಿ ಜೊಲ್ಲು, ಬೆವರು, ಕಣ್ಣಪಾಪೆ ಸಾಸಿವೆಯಷ್ಟಾಗುವುದು, ಮಾಂಸ ಅದುರುವುದು ಕಂಡರೆ ಎಸ್.ಜಿ.ಪಿ.ಟಿ. ನೋಡುತ್ತ ಕೂರುವ ಹೊತ್ತಲ್ಲ. ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಬೇಕು.

ಬಯಲುಸೀಮೆಯ ಜೋಳದ ಬಗ್ಗೆಯೂ ಒಂದು ಮಾತು. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಗಡಿಯ ಹಲವು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು 397 ಮಂದಿ ಕಾಮಾಲೆ ಬಿದ್ದರು, 106 ಮಂದಿ ಸತ್ತರು. ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅಕಾಲ ಮಳೆಗೆ ಸಿಕ್ಕ ತೆನೆ, ಬೂಷ್ಟಿನ ಕಡಲೆಕಾಯಿ ದನಕ್ಕೂ ಬೇಡ. ವಿಷದ ಪಾಲು ಹಾಲಿಗೆ ಇಳಿಯುತ್ತದೆ.

ನಮ್ಮ ಎರಡು ಬೆಳೆಗಳ ಮಾತನ್ನೂ ಆಡಿಬಿಡೋಣ. 2006ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಸುಮಾರು 1,25,000 ಜನರ ಸಮೀಕ್ಷೆಯಲ್ಲಿ ಕಾಫಿ ಕುಡಿಯುವವರಲ್ಲಿ ಈ ಕಿಣ್ವಗಳು ಏರುವುದೂ, ಯಕೃತ್ತು ಗಟ್ಟಿಯಾಗುವುದೂ ಕಡಿಮೆ ಕಂಡಿತು. ಇತರ ದೇಶಗಳಲ್ಲೂ ಹಾಗೆಯೇ ಕಂಡಿದೆ. ಸಂತೋಷದ ಸುದ್ದಿ, ಔಷಧಿಯೆಂದು ಲೋಟ ಹೆಚ್ಚಿಸಬೇಕಿಲ್ಲ. ಅಡಿಕೆಯ ಮಾತು ಇಷ್ಟು ಹಿತವಲ್ಲ. ತೈವಾನಿನ ಅಧ್ಯಯನಗಳು ಎಲೆಅಡಿಕೆ ಜಗಿಯುವ ಚಟಕ್ಕೂ ಯಕೃತ್ತು ಗಟ್ಟಿಯಾಗುವುದಕ್ಕೂ ನಂಟು ಕಂಡಿವೆ, ವೈರಸ್ ಜೊತೆಗಿದ್ದರೆ ಇನ್ನೂ ಹೆಚ್ಚಾಗಿ. ನಾವು ಬೆಳೆಯುತ್ತೇವೆಂದು ಇದನ್ನು ಬಚ್ಚಿಡುವಂತಿಲ್ಲ.

ಸೊಪ್ಪಿನ ಲೋಟ

ಕೊನೆಗೆ ಭಾವಮೈದನ ಯಕೃತ್ತಿಗೆ ಏನಾಗಿತ್ತು? ತಾಲ್ಲೂಕಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ಕುಡಿತ ಕೇಳಿದರು, ಇಲ್ಲ. ಮಾತ್ರೆ ಕೇಳಿದರು, ಇಲ್ಲ. "ಮನೆ ಔಷಧಿ ಏನಾದರೂ?" ಎಂದಾಗ ಭಾವಮೈದ ಅನುಮಾನಿಸುತ್ತ, "ಅದು ಔಷಧಿ ಅಲ್ಲ ಸಾರ್, ಅಮೃತಬಳ್ಳಿ ರಸ. ಕೊರೋನ ಬಂದಾಗಿನಿಂದ ದಿನಾ ಬೆಳಿಗ್ಗೆ ಒಂದು ಲೋಟ" ಎಂದರು. ವೈದ್ಯರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ಜನರ ವಿಷಯ ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳ 43 ರೋಗಿಗಳ ವರದಿ ಬಂತು. ಕೆಲವರಲ್ಲಿ ದೇಹ ತನ್ನ ಯಕೃತ್ತನ್ನೇ ಪರಕೀಯವೆಂದು ತಿಳಿದು ದಾಳಿ ಮಾಡುವ ಸ್ವಭಾವವನ್ನು ಅದು ಕೆರಳಿಸುವಂತೆ ಕಂಡಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಗಿಡ ಗುರುತಿಸುವುದರಲ್ಲಿ ತಪ್ಪಾಗಿ ಅದೇ ಕುಲದ ಬೇರೆ ಬಳ್ಳಿ ಬಳಸಿರಬಹುದೆಂದಿತು. ವಾದ ಏನೇ ಇರಲಿ, ಕಿಣ್ವ ಏರಿರುವವನು ಕುಡಿಯುತ್ತಿರುವ ಸೊಪ್ಪಿನ ರಸವನ್ನು ವೈದ್ಯರಿಂದ ಮುಚ್ಚಿಡಬಾರದು ಎಂಬುದರಲ್ಲಿ ವಾದವಿಲ್ಲ.

ಅತ್ತೆಯವರ ಕಾಮಾಲೆ ಔಷಧಿಯ ನಂಬಿಕೆಗೂ ಕಾರಣವಿಲ್ಲದಿಲ್ಲ. ಕೊಳಕು ನೀರಿನಿಂದ ಬರುವ ಎ ಮತ್ತು ಇ ಜಾತಿಯ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಯಾವ ಸೊಪ್ಪು ಕೊಟ್ಟಿದ್ದರೋ ಅದಕ್ಕೆ ಹೆಸರು. ಗರ್ಭಿಣಿಯರಿಗೆ ಇ ಜಾತಿ ಮಾರಕವಾಗಬಹುದು, ಅಲ್ಲಿ ಕಾಯುವಂತಿಲ್ಲ. ಬಿ ಮತ್ತು ಸಿ ಜಾತಿಗಳು ಸದ್ದಿಲ್ಲದೆ ವರ್ಷಗಟ್ಟಲೆ ಕೂರುತ್ತವೆ. ನೆಲನೆಲ್ಲಿ ಜಾತಿಯ ಗಿಡದಿಂದ ಬಿ ವೈರಸ್ ಹೋಗುತ್ತದೆಂದು 1988ರಲ್ಲಿ ಮದರಾಸಿನಿಂದ ಬಂದ ವರದಿ ಬಹಳ ಆಸೆ ಹುಟ್ಟಿಸಿತ್ತು. ಮುಂದಿನ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಬಿ ಜಾತಿಗೆ ಲಸಿಕೆಯಿದೆ. 2011ರ ಹೊತ್ತಿಗೆ ದೇಶದ ಎಲ್ಲ ಕಡೆ ಶಿಶುಗಳಿಗೆ ಕೊಡುವ ಲಸಿಕೆಗಳಲ್ಲಿ ಅದು ಸೇರಿತು. ಅದಕ್ಕೆ ಮೊದಲು ಹುಟ್ಟಿದ ನಮ್ಮಲ್ಲಿ ಬಹುಮಂದಿಗೆ ಬಿದ್ದಿಲ್ಲ. 2018ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಅಣ್ಣನ ಮನೆಯವರೆಲ್ಲರಿಗೂ ನಾವು ಪರೀಕ್ಷೆ ಮಾಡಿಸಿದೆವು. ಒಬ್ಬ ಮಗನಿಗೆ ಬಿ ವೈರಸ್ ಇದೆ. ಮಾತ್ರೆ ತೆಗೆದುಕೊಳ್ಳುತ್ತ ತೋಟ ನೋಡಿಕೊಂಡಿದ್ದಾನೆ.

ಭಾವಮೈದನಿಗೆ ಬಿ, ಸಿ ಎರಡೂ ಇರಲಿಲ್ಲ. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಕೊಬ್ಬು ಕಂಡಿತು. ತೂಕ 86 ಕಿಲೋ. ವೈದ್ಯರು ರಸ ನಿಲ್ಲಿಸಿ, ಸಂಜೆಯ ಬೇಕರಿ ತಿಂಡಿ ಬಿಟ್ಟು, ಆರು ವಾರ ಬಿಟ್ಟು ಬರಲು ಹೇಳಿದರು. ಬೇರೆ ಔಷಧಿ ಬರೆಯಲಿಲ್ಲ. ಬರೆಯದಿದ್ದುದಕ್ಕೆ ಅತ್ತೆಯವರಿಗೆ ಅಸಮಾಧಾನ, "ಫೀಸು ಮಾತ್ರ ತಗೊಂಡ್ರು" ಎಂದರು. ಆರು ವಾರಕ್ಕೆ ಎಸ್.ಜಿ.ಪಿ.ಟಿ. 61 ಆಯಿತು, ನಾಲ್ಕು ಕಿಲೋ ಇಳಿದ ಮೇಲೆ 48. ಬಳ್ಳಿ ಎಷ್ಟು ಮಾಡಿತ್ತು, ಬೊಜ್ಜು ಎಷ್ಟು ಮಾಡಿತ್ತು ಎಂದು ಪಾಲು ಹಂಚಿ ಹೇಳಲಾಗದು ಎಂದರು ವೈದ್ಯರು.

ಮೊನ್ನೆ ಫೋನಿನಲ್ಲಿ ಭಾವಮೈದ, ಈ ಸಲ ಗೂಡಿಗೆ ಊಜಿ ಕಾಟ ಕಡಿಮೆ, ಶಿಡ್ಲಘಟ್ಟದಲ್ಲಿ ದರವೂ ಪರವಾಗಿಲ್ಲ ಎಂದರು. ಅಮೃತಬಳ್ಳಿ ಇನ್ನೂ ಹಿತ್ತಿಲಿನ ಬೇವಿನ ಮರದ ಮೇಲೆ ಹಬ್ಬಿಕೊಂಡೇ ಇದೆಯಂತೆ. ಕಡಿಯಲು ಅತ್ತೆ ಬಿಡುತ್ತಿಲ್ಲ.